ಅಂಗೈಯ ಆಟವನ್ನು ದೊಡ್ಡ ಪರದೆಗೆ ತರುವ ಬಗೆ

ಅಂಗೈಯಲ್ಲಿ ಹಿಡಿದು ಆಡುವ ಆಟದ ಯಂತ್ರವು ಒಬ್ಬರ ಕಣ್ಣಿಗೆಂದೇ ಹುಟ್ಟಿದುದು. ಅದನ್ನು ಹಿಡಿದ ಹುಡುಗನು ತಲೆ ಬಗ್ಗಿಸಿಕೊಂಡು ಮೂಲೆಯಲ್ಲಿ ಕುಳಿತನೆಂದರೆ, ಅವನು ಗೆದ್ದನೋ ಸೋತನೋ ಪಕ್ಕದಲ್ಲಿರುವ ತಂಗಿಗೂ ತಿಳಿಯದು. ಆ ಚಿತ್ರವನ್ನು ಮನೆಯ ಟೆಲಿವಿಷನ್ನಿನ ಮೇಲೆ ಬರುವಂತೆ ಮಾಡಬಹುದೆ, ಅದಕ್ಕಾಗಿ ಹಳೆಯ ಯಂತ್ರವನ್ನು ಬಿಚ್ಚಬೇಕೆ, ಬಿಚ್ಚಿದರೆ ಅದು ಉಳಿದೀತೆ ಎಂಬ ಪ್ರಶ್ನೆಗಳು ಗೃಹಸ್ಥರಿಗೆ ಸಹಜವಾಗಿ ಏಳತಕ್ಕವು. ಚಿತ್ರವನ್ನು ತರುವುದೇನೋ ಸಾಧ್ಯ. ಆದರೆ ಎಲ್ಲ ಯಂತ್ರಗಳಿಗೂ ಒಂದೇ ಉಪಾಯವಿಲ್ಲ. ಬೆಸುಗೆಯ ಕಡ್ಡಿಯನ್ನು ಕಾಯಿಸುವ ಮೊದಲು ವಿಚಾರಿಸಬೇಕಾದ ಸಂಗತಿಗಳೂ ಕೆಲವಿವೆ.

ಈಚಿನ ಯಂತ್ರಗಳ ಮಾತನ್ನು ಬೇಗನೆ ಮುಗಿಸಬಹುದು. 2017ರಲ್ಲಿ ಹೊರಟ ನಿಂಟೆಂಡೊ ಸ್ವಿಚ್ಚನ್ನು ಅದರ ಪೀಠದಲ್ಲಿ ಕೂರಿಸಿದರೆ ಚಿತ್ರವು ಎಚ್‌ಡಿಎಂಐ ತಂತಿಯ ಮೂಲಕ ತಾನಾಗಿಯೇ ಟೆಲಿವಿಷನ್ನಿಗೆ ಹೋಗುತ್ತದೆ. 2022ರ ಸ್ಟೀಮ್ ಡೆಕ್ಕಿನಲ್ಲಿಯೂ ಯುಎಸ್‌ಬಿ-ಸಿ ಕಿಂಡಿಯಿಂದ ಅದೇ ಕೆಲಸವಾಗುತ್ತದೆ. ಕೊಳ್ಳುವವರು ಒಂದು ವಿಷಯದಲ್ಲಿ ಮಾತ್ರ ಎಚ್ಚರದಿಂದಿರಬೇಕು: 2019ರ ಸ್ವಿಚ್ ಲೈಟ್ ಎಂಬ ಕಿರಿಯ ಯಂತ್ರವು ರೂಪದಲ್ಲಿ ಅಣ್ಣನನ್ನು ಹೋಲಿದರೂ ಟೆಲಿವಿಷನ್ನಿಗೆ ಚಿತ್ರವನ್ನು ಕಳುಹಿಸಲಾರದು. ಬೆಲೆ ಕಡಮೆಯೆಂದು ಅದನ್ನು ತಂದು, ಆಮೇಲೆ ಪೀಠವನ್ನು ಹುಡುಕುವುದು ವ್ಯರ್ಥ.

ನಿಜವಾದ ತೊಡಕಿರುವುದು ಹಳೆಯ ಯಂತ್ರಗಳಲ್ಲಿ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ಮಾಡುತ್ತ ಆರಂಭವಾದ ನಿಂಟೆಂಡೊ ಸಂಸ್ಥೆಯು, ಸರಿಯಾಗಿ ನೂರು ವರ್ಷಗಳ ತರುವಾಯ, 1989ರಲ್ಲಿ, ಗೇಮ್ ಬಾಯ್ ಎಂಬ ಯಂತ್ರವನ್ನು ಹೊರತಂದಿತು. ಅದರ ಪರದೆಯಲ್ಲಿ ಅಡ್ಡಲಾಗಿ 160, ಉದ್ದಕ್ಕೆ 144 ಚುಕ್ಕಿಗಳು; ಬಣ್ಣವೆಂದರೆ ಹಸುರು ಛಾಯೆಯ ನಾಲ್ಕು ಅಂತರಗಳಷ್ಟೆ. ಇದನ್ನು ದೊಡ್ಡದಾಗಿ ನೋಡಬೇಕೆಂಬ ಆಸೆ ಜನರಿಗೆ ಆಗಲೇ ಇದ್ದಿತು. ಆ ಸಂಸ್ಥೆಯವರೇ 1994ರಲ್ಲಿ ಸೂಪರ್ ಗೇಮ್ ಬಾಯ್ ಎಂಬುದನ್ನು ಮಾಡಿ, ಟೆಲಿವಿಷನ್ನಿಗೆ ಜೋಡಿಸುವ ತಮ್ಮ ದೊಡ್ಡ ಯಂತ್ರದಲ್ಲಿ ಸೇರಿಸುವಂತೆ ಏರ್ಪಡಿಸಿದರು. ಅದರೊಳಗೆ ಗೇಮ್ ಬಾಯಿಯ ಯಂತ್ರಭಾಗವೇ ಇದ್ದಿತು. ಆದರೆ ಕಾಲದ ತಾಳವನ್ನು ಅದು ದೊಡ್ಡ ಯಂತ್ರದಿಂದ ಎರವಲು ಪಡೆಯುತ್ತಿದ್ದುದರಿಂದ ಆಟವು ನೂರಕ್ಕೆ ಸುಮಾರು 2.4ರಷ್ಟು ಹೆಚ್ಚು ವೇಗವಾಗಿ ಓಡುತ್ತಿತ್ತು. ಸಂಗೀತದ ಶ್ರುತಿಯೂ ಅಷ್ಟು ಏರಿ ಕೇಳುತ್ತಿತ್ತು. ಕಿವಿ ಸೂಕ್ಷ್ಮವಾಗಿದ್ದ ಹುಡುಗರು ಇದನ್ನು ಕಂಡುಕೊಂಡರು. ಒಂದಕ್ಕೆಂದು ಮಾಡಿದ ಚಿತ್ರವನ್ನು ಮತ್ತೊಂದಕ್ಕೆ ಹೊಂದಿಸುವಾಗ ಏನಾದರೊಂದು ಅಲುಗಾಡುತ್ತದೆಯೆಂಬುದಕ್ಕೆ ಇದು ಮೊದಲ ನಿದರ್ಶನ.

2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ ಎಂಬ ಯಂತ್ರವೇ ಇಂದು ಹವ್ಯಾಸಿಗಳು ಹೆಚ್ಚಾಗಿ ಬಿಚ್ಚುವ ಯಂತ್ರಗಳಲ್ಲಿ ಒಂದು. ಇದರ ಚಿತ್ರವು ಪರದೆಗೆ ಹೋಗುವ ದಾರಿ ಬಹು ಸರಳ. ಪಟ್ಟಿಯಂಥ ತಂತಿಯೊಂದರಲ್ಲಿ ಕೆಂಪಿಗೆ 5, ಹಸುರಿಗೆ 5, ನೀಲಿಗೆ 5 ಎಳೆಗಳಿವೆ. ಐದು ಎಳೆಗಳ ಇರವು ಇಲ್ಲದಿರವುಗಳಿಂದ 32 ಅಂತರಗಳಾಗುತ್ತವೆ. ಮೂರು ಬಣ್ಣಗಳನ್ನು ಗುಣಿಸಿದರೆ 32,768 ವರ್ಣಗಳು. ಚುಕ್ಕಿಗಳು ಒಂದಾದಮೇಲೊಂದು ಸಾಲಾಗಿ ಬರುತ್ತವೆ. ಹವ್ಯಾಸಿಯು ಪರದೆಯನ್ನು ತೆಗೆದು, ಆ ಪಟ್ಟಿಯ ಕೊನೆಗೆ ಮತ್ತೊಂದು ಹಲಗೆಯನ್ನು ಜೋಡಿಸುತ್ತಾನೆ. ಹಲಗೆಯ ಮೇಲಿರುವ ಎಫ್‌ಪಿಜಿಎ ಎಂಬ ಬಿಲ್ಲೆಯನ್ನು ನಮಗೆ ಬೇಕಾದ ಕೆಲಸಕ್ಕೆ ತಕ್ಕಂತೆ ಒಳಗಿಂದೊಳಗೇ ಹೆಣೆದುಕೊಳ್ಳಬಹುದು. ಅದು ಬಂದ ಚುಕ್ಕಿಗಳನ್ನು ಎಣಿಸಿ, ಹಿಗ್ಗಿಸಿ, ಎಚ್‌ಡಿಎಂಐ ಭಾಷೆಯಲ್ಲಿ ಟೆಲಿವಿಷನ್ನಿಗೆ ಒಪ್ಪಿಸುತ್ತದೆ. ಎರಡು ಬ್ಯಾಟರಿಗಳಿಗೆ ಬದಲಾಗಿ ಗೋಡೆಯ ವಿದ್ಯುತ್ತು, ಯಂತ್ರದ ಗುಂಡಿಗಳಿಗೆ ಬದಲಾಗಿ ಉದ್ದ ತಂತಿಯ ಕೈಗುಂಡಿಗಳು. ಹೀಗೆ ಮಾರ್ಪಟ್ಟುದಕ್ಕೆ ಅವರು ಕನ್ಸೋಲೈಸರ್ ಎಂದು ಹೆಸರಿಟ್ಟಿದ್ದಾರೆ.

ಹಿಗ್ಗಿಸುವುದೆಂದರೆ ಹಿಟ್ಟನ್ನು ಲಟ್ಟಿಸಿದಂತೆ ಎಂದು ತಿಳಿಯಬಾರದು. ಮೂಲದ ಚಿತ್ರವು 240ಕ್ಕೆ 160, ಅಂದರೆ 38,400 ಚುಕ್ಕಿಗಳು. ಟೆಲಿವಿಷನ್ನಿನ ಪೂರ್ಣ ಸ್ಫುಟತೆಯ ಪರದೆಯು 1920ಕ್ಕೆ 1080, ಅಂದರೆ 20,73,600 ಚುಕ್ಕಿಗಳು. ಲೆಕ್ಕ ನೋಡಿದರೆ ಸರಿಯಾಗಿ 54 ಪಟ್ಟು; ಆದರೆ ಎತ್ತರದ ಲೆಕ್ಕದಲ್ಲಿ 6.75 ಪಟ್ಟು, ಅಗಲದ ಲೆಕ್ಕದಲ್ಲಿ 8 ಪಟ್ಟು. ಎತ್ತರವನ್ನು ಪೂರ್ತಿ ತುಂಬಿಸಹೊರಟರೆ ಒಂದು ಚುಕ್ಕಿ ಏಳು ಸಾಲುಗಳಷ್ಟೂ ಅದರ ನೆರೆಯದು ಆರು ಸಾಲುಗಳಷ್ಟೂ ಆಗಿ, ಓಡುವ ಬೊಂಬೆಯ ಮುಖವು ಹೆಜ್ಜೆಹೆಜ್ಜೆಗೂ ಸೊಟ್ಟಗಾಗುತ್ತದೆ. ಆದುದರಿಂದ ಬಲ್ಲವರು 6 ಪಟ್ಟಿಗೇ ನಿಲ್ಲಿಸಿ, 1440ಕ್ಕೆ 960ರ ಚಿತ್ರವನ್ನು ನಡುವೆ ಇಟ್ಟು, ಎಡಬಲಗಳಲ್ಲಿ 240ರಂತೆಯೂ ಮೇಲೆ ಕೆಳಗೆ 60ರಂತೆಯೂ ಕಪ್ಪು ಅಂಚನ್ನು ಬಿಡುತ್ತಾರೆ. ದುಡ್ಡು ಕೊಟ್ಟ ಪರದೆ ಪೂರ್ತಿ ತುಂಬಲಿಲ್ಲವಲ್ಲ ಎಂದು ಮನೆಯ ಹಿರಿಯರು ಗೊಣಗಬಹುದು. ಗೊಣಗಲಿ, ಅಂಚಿರುವ ಚಿತ್ರವೇ ನೆಟ್ಟಗಿನದು.

ಕಾಲದ ಲೆಕ್ಕದಲ್ಲಿಯೂ ಸ್ವಲ್ಪ ಕೊರತೆಯಿದೆ. ಈ ಯಂತ್ರವು ಸೆಕೆಂಡಿಗೆ 59.73 ಚಿತ್ರಗಳನ್ನು ಕೊಡುತ್ತದೆ, ಟೆಲಿವಿಷನ್ನು 60ನ್ನು ಬಯಸುತ್ತದೆ. ಸುಮ್ಮನೆ ಬಿಟ್ಟರೆ ಸುಮಾರು 3.7 ಸೆಕೆಂಡಿಗೊಮ್ಮೆ ಒಂದು ಚಿತ್ರ ಎರಡು ಸಲ ಬಂದು, ನಯವಾಗಿ ಸರಿಯುತ್ತಿದ್ದ ನೆಲವು ತುಸು ಮುಗ್ಗರಿಸಿದಂತೆ ಕಾಣುತ್ತದೆ.

ಇವೆಲ್ಲಕ್ಕಿಂತಲೂ ಮನಸ್ಸಿಗೆ ಹಿಡಿಯುವ ವಿಷಯವು ಬಣ್ಣದ್ದು. 2001ರ ಮೂಲಯಂತ್ರದ ಪರದೆಗೆ ತನ್ನದೇ ಆದ ಬೆಳಕಿರಲಿಲ್ಲ. ಕಿಟಕಿಯ ಬಳಿಗೋ ದೀಪದ ಕೆಳಗೋ ಹೋಗಿ ಓರೆಯಾಗಿ ಹಿಡಿದರಷ್ಟೆ ಆಟ ಕಾಣುತ್ತಿತ್ತು. ಅದೇ ವರ್ಷ ಕೊನಾಮಿ ಸಂಸ್ಥೆಯವರು ಹೊರತಂದ ‘ಕ್ಯಾಸಲ್‌ವೇನಿಯಾ: ಸರ್ಕಲ್ ಆಫ್ ದಿ ಮೂನ್’ ಎಂಬ ಆಟದಲ್ಲಿ ಕೋಟೆಯ ಕತ್ತಲೆಯನ್ನು ಕತ್ತಲೆಯಾಗಿಯೇ ಬರೆದಿದ್ದರು. ಆಡುವವರಿಗೆ ಕೋಟೆಯೂ ಕಾಣದು, ವೈರಿಯೂ ಕಾಣನು. ಎಲ್ಲ ಕಡೆಯಿಂದಲೂ ದೂರು ಬಂದಿತು. 2002ರಲ್ಲಿ ಅವರೇ ‘ಹಾರ್ಮನಿ ಆಫ್ ಡಿಸೊನೆನ್ಸ್’ ಎಂಬುದನ್ನು ಮಾಡುವಾಗ ಬಣ್ಣಗಳನ್ನು ಬಹಳ ತಿಳಿಯಾಗಿ, ಹೊಳೆಯುವಂತೆ ಬಳಿದು, ನಾಯಕನ ಸುತ್ತ ನೀಲಿಯ ಅಂಚನ್ನೂ ಎಳೆದರು. ಆ ಮಬ್ಬು ಪರದೆಯ ಮೇಲೆ ಅದು ಹದವಾಗಿ ಕಂಡಿತು. ಇಂದಿನ ಉಜ್ವಲವಾದ ಟೆಲಿವಿಷನ್ನಿನಲ್ಲಿ ಅದನ್ನೇ ನೋಡಿದರೆ ಹಗಲಿನಲ್ಲಿ ನಾಟಕದ ಬಣ್ಣ ಹಚ್ಚಿಕೊಂಡು ಬೀದಿಗೆ ಬಂದ ನಟನಂತೆ ಕಣ್ಣಿಗೆ ಹೊಡೆಯುತ್ತದೆ. ತಪ್ಪು ಚಿತ್ರಕಾರನದಲ್ಲ. ಅವನು ಮಬ್ಬನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರೆದಿದ್ದನು. ನಾವು ಮಬ್ಬನ್ನು ಕಿತ್ತು, ಬಣ್ಣವನ್ನು ಮಾತ್ರ ಉಳಿಸಿಕೊಂಡೆವು. ಮೂಲ ಪರದೆ ನಿಧಾನವಾಗಿ ಬದಲಾಗುತ್ತಿದ್ದುದನ್ನು ಬಳಸಿಕೊಂಡು, ನೆರಳನ್ನು ಒಂದು ಚಿತ್ರ ಬಿಟ್ಟು ಒಂದರಲ್ಲಿ ಬರೆದು ಅರೆಪಾರದರ್ಶಕವಾಗಿ ತೋರಿಸಿದ ಆಟಗಳೂ ಉಂಟು. ಹೊಸ ಪರದೆಯಲ್ಲಿ ಆ ನೆರಳು ಪಟಪಟನೆ ಮಿನುಗುತ್ತದೆ. ಆದಕಾರಣ ಒಳ್ಳೆಯ ಹಲಗೆಗಳಲ್ಲಿ ಬಣ್ಣವನ್ನು ತಗ್ಗಿಸುವ ಏರ್ಪಾಡನ್ನು ಸೇರಿಸಿರುತ್ತಾರೆ. ಅದು ಇಲ್ಲದ ಹಲಗೆಯನ್ನು, ಎಷ್ಟೇ ಅಗ್ಗವಾಗಿರಲಿ, ಕೊಳ್ಳಬೇಡಿರೆಂದು ನಾವು ಹೇಳುವೆವು.

ಹಾಗಾದರೆ ಕಪಾಟಿನಲ್ಲಿರುವ ಯಂತ್ರವನ್ನು ಬಿಚ್ಚೋಣವೆ? ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಬೇಡವೆಂಬುದೇ ನಮ್ಮ ಅಭಿಪ್ರಾಯ. ಕನ್ಸೋಲೈಸರ್ ಆದ ಯಂತ್ರವು ಮತ್ತೆ ಕೈಯಲ್ಲಿ ಹಿಡಿಯುವ ಯಂತ್ರವಾಗುವುದು ಕಷ್ಟ. ಬೆಸುಗೆ ಜಾರಿದರೆ ಎರಡೂ ಇಲ್ಲ. ಇದರ ಹೊಸ ಹಲಗೆಗಳನ್ನು ನಿಂಟೆಂಡೊ ಈಗ ಮಾಡುತ್ತಿಲ್ಲವಾದುದರಿಂದ ಕೆಟ್ಟದ್ದೊಂದೊಂದೂ ಲೋಕದಲ್ಲಿ ಕಡಮೆಯಾದಂತೆಯೇ. ಪರದೆ ಒಡೆದು, ಹೊದಿಕೆ ಸೀಳಿ, ಒಳಗಿನ ಹಲಗೆ ಮಾತ್ರ ಸರಿಯಾಗಿರುವುದೊಂದು ಸಿಕ್ಕಿದರೆ ಅದಕ್ಕೆ ಈ ಪುನರ್ಜನ್ಮ ಯೋಗ್ಯವಾದುದು. ಆಟವನ್ನು ಎಲ್ಲಿಯವರೆಗೆ ಆಡಿ ನಿಲ್ಲಿಸಿತ್ತೆಂಬ ಲೆಕ್ಕವು ಯಂತ್ರದಲ್ಲಿರದೆ ಕಾರ್ಟ್ರಿಜ್ಜಿನಲ್ಲಿಯೇ ಇರುವುದರಿಂದ, ಮಕ್ಕಳ ಹಳೆಯ ಗೆಲವು ಅಳಿಸಿಹೋದೀತೆಂಬ ಭಯವಿಲ್ಲ.

ಬಿಚ್ಚದೆಯೇ ಆಗುವ ದಾರಿಗಳೂ ಎರಡಿವೆ. 2003ರಲ್ಲಿ ಗೇಮ್ ಕ್ಯೂಬ್ ಯಂತ್ರದ ಅಡಿಗೆ ಜೋಡಿಸಲೆಂದು ಬಂದ ಗೇಮ್ ಬಾಯ್ ಪ್ಲೇಯರ್ ಎಂಬುದರಲ್ಲಿ ಅಡ್ವಾನ್ಸ್ ಯಂತ್ರದ ಭಾಗಗಳೇ ಇವೆ. ಸ್ಫುಟತೆ ಮಾತ್ರ ಆ ಕಾಲದ್ದು. 2021ರ ಕೊನೆಯಲ್ಲಿ ಬಂದ ಅನಲಾಗ್ ಪಾಕೆಟ್ ಹಳೆಯ ಕಾರ್ಟ್ರಿಜ್ಜುಗಳನ್ನೇ ಸ್ವೀಕರಿಸಿ, ಪೀಠದಲ್ಲಿ ಕುಳಿತು ಟೆಲಿವಿಷನ್ನಿಗೆ 1080 ಸಾಲುಗಳ ಚಿತ್ರವನ್ನು ಕೊಡುತ್ತದೆ. ಬೆಲೆ ಹೆಚ್ಚು, ಆದರೆ ಯಾವುದನ್ನೂ ಕೊಲ್ಲಬೇಕಾಗಿಲ್ಲ.

ಎಲ್ಲ ಆಟಗಳೂ ಹೀಗೆ ಗೋಡೆಗೆ ಬರಲಾರವೆಂಬುದನ್ನೂ ಹೇಳಬೇಕು. 2004ರ ‘ವಾರಿಯೋವೇರ್: ಟ್ವಿಸ್ಟೆಡ್’ ಎಂಬುದನ್ನು ಯಂತ್ರವನ್ನೇ ತಿರುಗಿಸುತ್ತ ಆಡಬೇಕು, ಟೆಲಿವಿಷನ್ನಿನ ಕೆಳಗೆ ಕೂರಿಸಿದ ಪೆಟ್ಟಿಗೆಯನ್ನು ಎತ್ತಿ ತಿರುಗಿಸುವವರಾರು? 2003ರ ‘ಬೊಕ್ತಾಯ್’ ಎಂಬುದರ ಕಾರ್ಟ್ರಿಜ್ಜಿನಲ್ಲಿ ಬಿಸಿಲನ್ನು ಅಳೆಯುವ ಕಣ್ಣೊಂದಿದೆ. ಆ ಆಟದ ನಾಯಕನಿಗೆ ಬಲ ಬರುವುದು ನಿಜವಾದ ಸೂರ್ಯನಿಂದ. ಅದನ್ನು ಆಡುವವನು ಅಂಗಳಕ್ಕೇ ಹೋಗಬೇಕು.

ಸೋನಿಯವರ ಪಿಎಸ್‌ಪಿ ಇರುವ ಮನೆಯವರಿಗೆ ಎರಡು ಮಾತು. 2004ರ ಮೊದಲ ಮಾದರಿಯಿಂದ ಚಿತ್ರವನ್ನು ಹೊರಗೆ ತರಲು ಕಿಂಡಿಯಿಲ್ಲ. 2007ರ ತೆಳ್ಳನೆಯ ಮಾದರಿಗೆ ಕಾಂಪೊನೆಂಟ್ ತಂತಿಯನ್ನು ಜೋಡಿಸಬಹುದು. ಹೊಸ ಟೆಲಿವಿಷನ್ನುಗಳಲ್ಲಿ ಆ ತಂತಿಗೆ ತೂತುಗಳು ಅನೇಕವೇಳೆ ಇರುವುದಿಲ್ಲವಾದ್ದರಿಂದ ಎಚ್‌ಡಿಎಂಐಗೆ ಮಾರ್ಪಡಿಸುವ ಚಿಕ್ಕ ಪೆಟ್ಟಿಗೆಯೊಂದು ನಡುವೆ ಬೇಕಾಗುವುದು. ಆಟದ ಚಿತ್ರವು 480ಕ್ಕೆ 272 ಚುಕ್ಕಿಗಳದಾಗಿ 720ಕ್ಕೆ 480ರ ಚೌಕಟ್ಟಿನ ನಡುವೆ ಕುಳಿತು ಬರುತ್ತದೆ. ಸುತ್ತಲೂ ಕಪ್ಪು ಅಗಲವಾಗಿಯೇ ಇರುತ್ತದೆ. ಯಾವ ಯಂತ್ರವನ್ನು ಜೋಡಿಸಿದರೂ ಟೆಲಿವಿಷನ್ನಿನ ಏರ್ಪಾಡುಗಳಲ್ಲಿ ಗೇಮ್ ಮೋಡ್ ಎಂಬುದನ್ನು ಆರಿಸಿಕೊಳ್ಳಿರಿ. ಇಲ್ಲವಾದರೆ ಗುಂಡಿಯನ್ನೊತ್ತಿದ ಮೇಲೆ ತುಸು ತಡೆದು ಬೊಂಬೆಯು ಹಾರುತ್ತದೆ.