ಕ್ರಯಕ್ಕೆ ಕೊಂಡದ್ದು ಆಟವನ್ನೋ, ಆಟ ಕಟ್ಟಿದವನನ್ನೋ?

ವಿದ್ಯಾವಂತರ ಮನೆಗಳಲ್ಲಿ ಈಚೆಗೆ ಒಂದು ವಾದವು ಕೇಳಿಬರುತ್ತಿದೆ. "ಹಣ ತೆತ್ತವರು ನಾವು, ವಿಡಿಯೋ ಗೇಮ್ ರಚಿಸಿದವನು ಅದನ್ನು ನಮ್ಮ ಇಚ್ಛೆಯಂತೆ ತಿದ್ದತಕ್ಕದ್ದು, ತಿದ್ದದಿದ್ದರೆ ಬಾಯಿಗೆ ಬಂದಂತೆ ಬಯ್ಯಲು ನಮಗೆ ಅಧಿಕಾರವುಂಟು" ಎಂಬುದೇ ಆ ವಾದ. ಮಕ್ಕಳು ಹೀಗೆಂದರೆ ವಯೋಧರ್ಮವೆಂದು ಬಿಡಬಹುದು. ತಿಳಿದ ತಂದೆತಾಯಿಗಳೂ ಇದಕ್ಕೆ ತಲೆದೂಗುವುದನ್ನು ಕಂಡ ಮೇಲೆ ಸುಮ್ಮನಿರುವುದು ಯುಕ್ತವಲ್ಲ. ಈ ವಾದವು ಅನ್ಯಾಯವಾದುದು ಮಾತ್ರವಲ್ಲ, ಆಡುವವರ ಹಿತಕ್ಕೇ ವಿರುದ್ಧವಾದುದು ಎಂಬುದು ನನ್ನ ಪಕ್ಷ.

"ಸಾಹಿತ್ಯಪತ್ರಿಕೆಯಲ್ಲಿ ಆಟದ ಮಾತೇಕೆ?" ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕಥೆ, ಚಿತ್ರ, ಸಂಗೀತಗಳು ಕೂಡಿದ ರಚನೆಗೆ ನಾಟಕವೆಂಬ ಹೆಸರಿದ್ದರೆ ಆದರಿಸುವ ನಾವು, ಆಟವೆಂಬ ಹೆಸರಿದ್ದ ಮಾತ್ರಕ್ಕೆ ಹಳಿಯುವುದೇಕೆ? ದೊಡ್ಡ ಕಂಪನಿಯ ಹಣವಾಗಲಿ ಅಪ್ಪಣೆಯಾಗಲಿ ಇಲ್ಲದೆ ಒಬ್ಬಿಬ್ಬರು ಅಥವಾ ಸಣ್ಣ ತಂಡದವರು ತಾವೇ ರಚಿಸುವ ಆಟಗಳಿಗೆ ಇಂಡಿ ಗೇಮ್ ಎಂಬ ಹೆಸರು ರೂಢಿಯಲ್ಲಿದೆ. ಅಮೆರಿಕದ ಎರಿಕ್ ಬರೋನ್ ಎಂಬಾತನು ಸುಮಾರು ನಾಲ್ಕೂವರೆ ವರ್ಷ ಏಕಾಕಿಯಾಗಿ ದುಡಿದು, ಚಿತ್ರ, ಸಂಗೀತ, ಕಥೆ, ಗಣಕಕ್ರಮ ಎಲ್ಲವನ್ನೂ ತಾನೇ ರಚಿಸಿ, 2016ರಲ್ಲಿ 'ಸ್ಟಾರ್ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟವನ್ನು ಪ್ರಕಟಿಸಿದನು. ಆ ವರ್ಷಗಳಲ್ಲಿ ಅವನ ಜೀವನೋಪಾಯವು ನಾಟಕಶಾಲೆಯಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಅರೆಹೊತ್ತಿನ ಕೆಲಸ ಮತ್ತು ಸಂಗಾತಿಯ ಸಂಪಾದನೆ. 2024ರ ಅಂತ್ಯದ ವೇಳೆಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಇಂಥ ಪರಿಶ್ರಮವನ್ನು ಹುಡುಗಾಟವೆನ್ನುವುದು ವಿವೇಕವಲ್ಲ.

ಆದರೆ ಒಬ್ಬನ ಭಾಗ್ಯವನ್ನು ಕಂಡು ಎಲ್ಲರೂ ಕುಬೇರರೆಂದು ಭಾವಿಸಬಾರದು. ಕಂಪ್ಯೂಟರ್ ಆಟಗಳ ಅತಿದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ 2024ನೆಯ ಒಂದೇ ವರ್ಷದಲ್ಲಿ 18,000ಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಈ ಜಾತ್ರೆಯಲ್ಲಿ ಒಂಟಿ ಕೂಗು ಯಾರ ಕಿವಿಗೆ ಬಿದ್ದೀತು? ಅಂಗಡಿಯಲ್ಲಿ ಆಟವನ್ನಿಡಲು 100 ಡಾಲರು. ಮಾರಿದ ಹಣದಲ್ಲಿ ಅಂಗಡಿಯ ಪಾಲು ನೂರಕ್ಕೆ 30. ಒಂದು ಆಟದ ವರಮಾನವು 1 ಕೋಟಿ ಡಾಲರನ್ನು ಮೀರಿದ ಮೇಲಿನ ಹಣಕ್ಕೆ ಈ ಪಾಲು 25ಕ್ಕೂ, 5 ಕೋಟಿಯನ್ನು ಮೀರಿದ ಮೇಲೆ 20ಕ್ಕೂ ಇಳಿಯುವಂತೆ 2018ರಲ್ಲಿ ನಿಯಮವಾಯಿತು. ಬಡವನಿಗೆ ಪೂರ್ಣ ಕಂದಾಯ, ಧನಿಕನಿಗೆ ರಿಯಾಯಿತಿ! ಇನ್ನು ಆಟ ಕಟ್ಟುವ ಉಪಕರಣದ ಗತಿಯೇನು? ಯೂನಿಟಿ ಎಂಬ ಉಪಕರಣದ ಒಡೆಯರು 2023ರ ಸೆಪ್ಟೆಂಬರಿನಲ್ಲಿ, ಗೊತ್ತಾದ ಮಿತಿಯನ್ನು ದಾಟಿದ ಆಟಗಳಿಗೆ ಪ್ರತಿಯೊಂದು ಹೊಸ ಸ್ಥಾಪನೆಗೂ ಶುಲ್ಕವೆಂದು ಸಾರಿದರು. ಜಗತ್ತಿನ ಆಟಗಾರರೂ ರಚಕರೂ ಬೊಬ್ಬೆಯಿಟ್ಟ ಮೇಲೆ, ಒಂದು ವರ್ಷ ಕಳೆದು, ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡರು. ನಮ್ಮ ದೇಶದ ಮಾತೂ ಇದೇ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದವರು 'ರಾಜಿ' ಎಂಬ ಪೌರಾಣಿಕ ಆಟಕ್ಕಾಗಿ 2017ರಲ್ಲಿ ಸಾರ್ವಜನಿಕ ಚಂದಾ ಬೇಡಿದರು. ಗುರಿಯ ಮೊತ್ತ ಕೂಡಲಿಲ್ಲ. ಆದರೂ ಎದೆಗುಂದದೆ 2020ರಲ್ಲಿ ಅದನ್ನು ಪ್ರಕಟಿಸಿದರು.

ಇಷ್ಟು ಕಷ್ಟಗಳನ್ನು ದಾಟಿ ಬಂದವನಿಗೆ ಕಡೆಯದಾಗಿ ಎದುರಾಗುವುದು ಆಟಗಾರರ ಸಮುದಾಯ. ಇದು ಅವನ ಬಲವೂ ಹೌದು, ಬಾಧೆಯೂ ಹೌದು. ದೋಷಗಳನ್ನು ಹುಡುಕಿ ತಿಳಿಸುವವರು, ಪರಭಾಷೆಗೆ ತರುವವರು, ಹೊಸಬರಿಗೆ ದಾರಿ ತೋರುವವರು ಈ ಸಮುದಾಯದವರೇ. ನಮ್ಮ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವುದನ್ನು ಬಲ್ಲವರು ಬಲ್ಲರು: ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಗುಣವನ್ನು ಕಂಡೂ ಒಪ್ಪದ ಮತ್ಸರಿ, ತತ್ತ್ವವನ್ನೇ ಅರಸುವ ತತ್ತ್ವಾಭಿನಿವೇಶಿ. ಸಾವಿರ ವರ್ಷಗಳ ಹಿಂದಿನ ಈ ವಿಭಾಗವು ಇಂದಿನ ಆಟಗಾರರಿಗೆ ಅಳತೆ ತೆಗೆದು ಹೊಲಿದ ಅಂಗಿಯಂತಿದೆ. ಒಂದೇ ಭೇದವೆಂದರೆ, ಆಗಿನ ಮತ್ಸರಿಯು ರಾಜಸಭೆಯಲ್ಲಿ ಮೂಗುಮುರಿಯುತ್ತಿದ್ದನು. ಈಗಿನವನು ಅರ್ಧರಾತ್ರಿಯಲ್ಲಿ ಕರ್ತೃವಿನ ಮನೆಯೊಳಕ್ಕೇ ಬೈಗುಳನ್ನು ಕಳುಹಿಸಬಲ್ಲನು.

ಇದರ ಫಲವೇನೆಂಬುದಕ್ಕೆ ದೃಷ್ಟಾಂತಗಳುಂಟು. ವಿಯೆಟ್ನಾಮಿನ ಡಾಂಗ್ ನ್ಯೂಯೆನ್ ಎಂಬಾತನ 'ಫ್ಲಾಪಿ ಬರ್ಡ್' ಎಂಬ ಮೊಬೈಲ್ ಆಟವು 2014ರ ಮೊದಲಲ್ಲಿ ಲೋಕವಿಖ್ಯಾತವಾಯಿತು. ಅದೇ ಫೆಬ್ರುವರಿಯಲ್ಲಿ ಆತನು, ಆಟವು ಜನರಿಗೆ ಚಟವಾಗುತ್ತಿದೆ, ತನ್ನ ನೆಮ್ಮದಿಯೂ ಹಾಳಾಯಿತು ಎಂದು, ವರಮಾನ ಹರಿಯುತ್ತಿದ್ದಾಗಲೇ ಆಟವನ್ನು ಹಿಂತೆಗೆದುಕೊಂಡನು. 'ಫೆಜ್' ಎಂಬ ಆಟವನ್ನು ರಚಿಸಿದ ಕೆನಡಾದ ಫಿಲ್ ಫಿಶ್, 2013ರಲ್ಲಿ ಅಂತರ್ಜಾಲದ ಜಗಳವೊಂದರಿಂದ ಬೇಸತ್ತು, ಆಗತಾನೇ ಸಾರಿದ್ದ ಎರಡನೆಯ ಭಾಗವನ್ನೇ ಕೈಬಿಟ್ಟನು. ಆತನ ನಾಲಗೆಯೂ ಮೃದುವಾದುದಾಗಿರಲಿಲ್ಲವೆಂಬುದನ್ನು ನಾನು ಬಲ್ಲೆ. ಆದರೂ ನಷ್ಟ ಯಾರಿಗೆ? ಕಾದು ಕುಳಿತ ಆಟಗಾರರಿಗೇ ಅಲ್ಲವೇ?

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ: "ಹಾಗಾದರೆ ರಚಕನು ಸುಳ್ಳು ಹೇಳಿ ಮಾರಿದರೂ ನಾವು ಬಾಯಿ ಮುಚ್ಚಿಕೊಂಡಿರಬೇಕೇ?" ಖಂಡಿತ ಬೇಡ. ಇಂಗ್ಲೆಂಡಿನ ಹೆಲೋ ಗೇಮ್ಸ್ ಎಂಬ ಸಣ್ಣ ತಂಡವು 2016ರ ಆಗಸ್ಟಿನಲ್ಲಿ 'ನೋ ಮ್ಯಾನ್ಸ್ ಸ್ಕೈ' ಎಂಬ ಆಟವನ್ನು ಹೊರತಂದಾಗ, ಮೊದಲು ಆಸೆ ತೋರಿಸಿದ್ದ ಹಲವು ಅಂಶಗಳು ಅದರಲ್ಲಿರಲಿಲ್ಲ. ಆಟಗಾರರು ದೂರಿದ್ದು ನ್ಯಾಯವೇ. ಆದರೆ ಅದಕ್ಕೆ ಮುಂಚೆ, ಪ್ರಕಟನೆಯ ದಿನವನ್ನು ಒಂದೆರಡು ತಿಂಗಳು ಮುಂದೂಡಿದ ಮಾತ್ರಕ್ಕೇ ತಂಡದ ನಾಯಕನಿಗೆ ಪ್ರಾಣಬೆದರಿಕೆಗಳು ಬಂದವು. ಇದು ಯಾವ ನ್ಯಾಯ? ತರುವಾಯ ಆ ತಂಡದವರು ವಾದಕ್ಕಿಳಿಯದೆ, ವರ್ಷವರ್ಷವೂ ಉಚಿತವಾಗಿ ಹೊಸ ಅಂಶಗಳನ್ನು ಸೇರಿಸುತ್ತ, 2018ರಲ್ಲಿ ಹಲವರು ಕೂಡಿ ಆಡುವ ಏರ್ಪಾಡನ್ನೂ ಸಲ್ಲಿಸಿ, ಕಳೆದ ಮಾನವನ್ನು ದುಡಿದು ಮರಳಿ ಪಡೆದರು. ತಪ್ಪನ್ನು ತಿದ್ದಿದ್ದು ಕೆಲಸ. ಬೆದರಿಕೆಯು ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಕೊಂಡವನಿಗೆ ಪರಿಹಾರವಿಲ್ಲವೆಂದೂ ಅಲ್ಲ. 2015ರಿಂದ ಸ್ಟೀಮ್ ಅಂಗಡಿಯಲ್ಲಿ, ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣವನ್ನು ಸಾಧಿಸದೆಯೇ ಹಣವನ್ನು ಮರಳಿ ಕೇಳಬಹುದು. ಎರಡು ಗಂಟೆಯಲ್ಲಿ ಮುಗಿಯುವ ಕಿರು ಆಟವನ್ನು ರಚಿಸಿದವನಿಗೆ ಇದೇ ಕುತ್ತು. ಪೂರ್ತಿ ಆಡಿ ಹಣ ಹಿಂಪಡೆಯುವವರಿದ್ದರೆ ಅವನಿಗೆ ದಿಕ್ಕಿಲ್ಲ. ಹಣವನ್ನು ಮರಳಿ ಕೇಳಿರಿ, ದೋಷವನ್ನು ಬರೆಯಿರಿ, ಮುಂದಿನದನ್ನು ಕೊಳ್ಳದಿರಿ; ಈ ಮೂರೂ ನಿಮ್ಮ ಹಕ್ಕು. ಬೆಲೆಯು ಕೊಳ್ಳುವುದು ಆಟವನ್ನು. ಕರ್ತೃವಿನ ನಿದ್ರೆಯನ್ನಲ್ಲ, ಅವನ ಮನೆಮಂದಿಯ ನೆಮ್ಮದಿಯನ್ನಲ್ಲ.

ರಚಕರಿಗೂ ಒಂದು ಮಾತು. ಕೈಯಲ್ಲಿಲ್ಲದುದನ್ನು ಬಾಯಲ್ಲಿ ಮಾರಬೇಡಿರಿ. 'ಅಮಂಗ್ ಅಸ್' ಎಂಬ ಆಟವು 2018ರಲ್ಲಿ ಬಂದರೂ ಪ್ರಖ್ಯಾತವಾದದ್ದು 2020ರಲ್ಲಿ. ಆಗ ಅದರ ಪುಟ್ಟ ತಂಡದವರು ಎರಡನೆಯ ಭಾಗವನ್ನು ಸಾರಿ, ಯೋಚಿಸಿ, ಅದನ್ನು ಬಿಟ್ಟು ಇರುವ ಆಟವನ್ನೇ ಉತ್ತಮಪಡಿಸುವೆವೆಂದು ಬಹಿರಂಗವಾಗಿ ಹೇಳಿದರು. ಸಮುದಾಯವನ್ನು ಕಾಯುವ ರೀತಿ ಇದು. ಸಭೆಯ ಮರ್ಯಾದೆಗೆ ಮೊದಲೇ ನಿಯಮವಿರಲಿ; ಅದನ್ನು ನಡೆಯಿಸುವವರಿರಲಿ; ಮರ್ಯಾದೆ ಮೀರಿದವನನ್ನು, ಅವನು ಎಷ್ಟು ಹಳೆಯ ಆಟಗಾರನಾಗಿದ್ದರೂ, ಹೊರಗೆ ಕಳುಹಿಸುವ ಧೈರ್ಯವಿರಲಿ. ಗದ್ದಲಗಾರ ಹತ್ತು ಮಂದಿಗಾಗಿ ಸುಮ್ಮನಿರುವ ಸಾವಿರ ಮಂದಿಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಕನ್ನಡಿಗರಿಗೆ ಇದರಿಂದ ಆಗಬೇಕಾದುದೇನು? ನಮ್ಮ ಜಿಲ್ಲೆಯ ಹುಡುಗನೋ ಹುಡುಗಿಯೋ ನಾಳೆ ಕನ್ನಡದಲ್ಲಿ ಒಂದು ಆಟವನ್ನು ರಚಿಸಬಯಸಿದರೆ, ಅದನ್ನು ಆಡುವವರು ಮೊದಲೇ ಅಲ್ಪಸಂಖ್ಯೆಯವರು. ಆ ಅಲ್ಪರಲ್ಲಿಯೂ ಅರೋಚಕಿಗಳೂ ಮತ್ಸರಿಗಳೂ ತುಂಬಿದರೆ ಮೊದಲನೆಯ ಆಟವೇ ಕಡೆಯದಾಗುವುದು. ಪದ್ಯದ ಗುಣದೋಷಗಳನ್ನು ವಿವೇಚಿಸಲು ಮಕ್ಕಳಿಗೆ ಕಲಿಸುತ್ತೇವೆ. ಆಟದ ಗುಣದೋಷಗಳನ್ನು ಸಭ್ಯವಾದ ನಾಲ್ಕು ವಾಕ್ಯಗಳಲ್ಲಿ ಬರೆಯಲು ಕಲಿಸಿದವರಾರು? ಆದುದರಿಂದ, ತಂದೆತಾಯಿಗಳೇ, ಮಗುವು ಎಷ್ಟು ಹೊತ್ತು ಆಡಿತೆಂದು ಮಾತ್ರ ಕೇಳಬೇಡಿರಿ. ಆಟ ಕಟ್ಟಿದವನಿಗೆ ಅದು ಏನು ಬರೆಯಿತೆಂಬುದನ್ನೂ ಕೇಳಿ, ಓದಿ, ಬೇಕಾದರೆ ತಿದ್ದಿಸಿರಿ.