ಗಡಿಯಾರದ ಕೈಗೆ ಕೊಟ್ಟ ಲಗಾಮು

ಹತ್ತು ಹನ್ನೆರಡು ವರ್ಷದ ಮಗುವನ್ನು ಪೋನಿಯ, ಎಂದರೆ ಎತ್ತರ 148 ಸೆಂಟಿಮೀಟರು ಮೀರದ ಗಿಡ್ಡ ಕುದುರೆಯ, ಬೆನ್ನೇರಿಸಿ, ಮರದ ದಿಮ್ಮಿ, ಕಂದಕ, ದಿಬ್ಬ, ನೀರುಗುಂಡಿಗಳನ್ನು ದಾಟಿಸುತ್ತ ಹೊಲ ಕಾಡುಗಳ ನಡುವೆ ಓಡಿಸುವ ಸ್ಪರ್ಧೆಗೆ ಕ್ರಾಸ್‌ಕಂಟ್ರಿ ಎಂದು ಹೆಸರು. ಇದರ ಮೂಲ ಸೈನ್ಯದಲ್ಲಿದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಈವೆಂಟಿಂಗ್ ಎಂಬ ಮೂರಂಗಗಳ ಸ್ಪರ್ಧೆ ಮೊದಲು ನಡೆದಾಗ ಅದರಲ್ಲಿ ಭಾಗವಹಿಸಿದವರು ಸೇನಾಧಿಕಾರಿಗಳು. ಪರೀಕ್ಷೆಗೆ ಒಳಗಾದದ್ದು ಯುದ್ಧಕ್ಕೆ ಸಿದ್ಧಗೊಂಡ ಅಶ್ವಗಳು. ಆ ಪರೀಕ್ಷೆಯನ್ನೇ ಅಳತೆಯಲ್ಲಿ ಕುಗ್ಗಿಸಿ ಮಕ್ಕಳಿಗೆ ಕೊಡಲಾಗಿದೆ. ತಡೆಗಳ ಎತ್ತರ ಕುಗ್ಗಿತು, ದೂರ ಕುಗ್ಗಿತು. ಕುಗ್ಗದೆ ಉಳಿದದ್ದು ಗಡಿಯಾರದ ಅಧಿಕಾರ.

ಇದು ಹೊರದೇಶದ ಸಿರಿವಂತರ ವಿನೋದ, ನಮಗೇನು ಎಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್‌ನ ಬೆಳ್ಳಿ ಪದಕ ಗೆದ್ದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯ ಸ್ಥಾನ ಪಡೆದ ಫೌವಾದ್ ಮಿರ್ಜಾ ಬೆಂಗಳೂರಿನವರು. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿದ್ದಾರೆ. ಅಲ್ಲಿನ ನಿಯಮಗಳು ಇಲ್ಲಿಗೂ ಬರುತ್ತವೆ, ಅವುಗಳ ದೋಷಗಳೊಡನೆ.

ಆ ದೋಷ ಯಾವುದೆಂಬುದನ್ನು ಲೆಕ್ಕದಿಂದಲೇ ನೋಡಬಹುದು. ಅಮೆರಿಕದಲ್ಲಿ ಮಕ್ಕಳೂ ಹೊಸಬರೂ ಸವಾರಿ ಮಾಡುವ ‘ಬಿಗಿನರ್ ನಾವಿಸ್’ ಎಂಬ ಮಟ್ಟದಲ್ಲಿ ನಿಗದಿತ ವೇಗ ನಿಮಿಷಕ್ಕೆ 300ರಿಂದ 350 ಮೀಟರು. ಅತಿವೇಗಕ್ಕೆ ದಂಡವೂ ಉಂಟು. ಆದರೆ ಅದು ಆರಂಭವಾಗುವುದು ನಿಮಿಷಕ್ಕೆ 420 ಮೀಟರು ಮೀರಿದ ಮೇಲೆ. 1,750 ಮೀಟರಿನ ಪಥವಿದ್ದು ವೇಗ 350 ಎಂದು ಗೊತ್ತುಮಾಡಿದ್ದರೆ ನಿಗದಿತ ಕಾಲ ಐದು ನಿಮಿಷ. ಮಗು ಅದಕ್ಕಿಂತ ಐದು ಸೆಕೆಂಡು ತಡವಾಗಿ ಬಂದರೆ ಸೆಕೆಂಡಿಗೆ 0.4ರಂತೆ 2 ಅಂಕ ದಂಡ. ನಾಲ್ವತ್ತೈದು ಸೆಕೆಂಡು ಮುಂಚೆ ನುಗ್ಗಿ ಬಂದರೆ ದಂಡವೇ ಇಲ್ಲ! ಎಚ್ಚರದಿಂದ ಬಂದ ಮಗು ತಪ್ಪಿತಸ್ಥ, ನುಗ್ಗಿ ಬಂದ ಮಗು ನಿರ್ದೋಷಿ. ಇದು ಸುರಕ್ಷತೆಯ ನಿಯಮವೆಂದು ಕರೆಸಿಕೊಳ್ಳುತ್ತಿರುವುದು ಸೋಜಿಗ. 350ರಿಂದ 420ಕ್ಕೆ ಏರುವುದು ಐದನೆಯ ಒಂದು ಪಾಲಿನಷ್ಟೇ ತಾನೆ ಎನ್ನುವವರು ಶಾಲೆಯ ಭೌತಶಾಸ್ತ್ರವನ್ನು ನೆನೆಯಬೇಕು: ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದಿಮ್ಮಿಗೆ ಬಡಿಯುವ ಪೋನಿಯ ಶಕ್ತಿ ಆಗ ಶೇಕಡಾ 44ರಷ್ಟು ಹೆಚ್ಚಾಗಿರುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಗಡಿಯಾರಕ್ಕೆ ತಿಳಿಯುವುದು ಒಟ್ಟು ಕಾಲ ಮಾತ್ರ. ವೇಗ ಎಲ್ಲಿ ಇತ್ತೆಂಬುದು ಅದಕ್ಕೆ ತಿಳಿಯದು. ಇಳಿಜಾರಿನಲ್ಲಿ ನಾಗಾಲೋಟದಿಂದ ಇಳಿದು, ತಡೆಯ ಮುಂದೆ ಲಗಾಮು ಎಳೆಯಲಾರದೆ ಹೇಗೋ ಹಾರಿ, ಕೊನೆಯ ತಡೆಯ ನಂತರ ಕುಕ್ಕುಲೋಟದಲ್ಲಿ ಬಂದು ಕಾಲವನ್ನು ಸರಿದೂಗಿಸುವ ಚತುರ ಬಾಲಕನಿಗೂ, ಉದ್ದಕ್ಕೂ ಸಮಗತಿಯಲ್ಲಿ ಬಂದ ಬಾಲಕಿಗೂ ಅಂಕಪಟ್ಟಿಯಲ್ಲಿ ಭೇದವಿಲ್ಲ. ಉದ್ದೇಶಪೂರ್ವಕ ವಿಳಂಬಕ್ಕೆ ದಂಡ ವಿಧಿಸುವ ನಿಯಮಗಳು ಇವೆ. ಅವು ಹಿಡಿಯುವುದು ಆ ಕೊನೆಯ ನಿಧಾನವನ್ನೇ ಹೊರತು ಮೊದಲಿನ ಆತುರವನ್ನಲ್ಲ. ಮುಕ್ತಾಯದ ಗೆರೆಯ ಬಳಿ ಕೈಗಡಿಯಾರ ನೋಡುತ್ತ ನಿಲ್ಲುವ ತಂದೆತಾಯಿಗಳಿಗಂತೂ ನಡುದಾರಿಯಲ್ಲಿ ಏನು ನಡೆಯಿತೆಂಬುದೇ ಕಾಣುವುದಿಲ್ಲ.

ಬೀಳುವುದು ಸವಾರಿಯಲ್ಲಿ ಸಹಜವೆಂಬ ಮಾತಿದೆ. ಯಾವ ಬೀಳುವಿಕೆ ಎಂದು ಕೇಳಬೇಕು. ಮಗು ಜೀನಿನಿಂದ ಜಾರಿ ಹುಲ್ಲಿನ ಮೇಲೆ ಬೀಳುವುದು ಒಂದು. ನೆಲಕ್ಕೆ ಬಿಗಿದ ತಡೆಗೆ ಪೋನಿಯ ಮುಂಗಾಲು ತಗುಲಿ, ಅದರ ಇಡೀ ದೇಹ ತಡೆಯ ಮೇಲೆ ಪಲ್ಟಿಯಾಗಿ ಮಗುವಿನ ಮೇಲೆರಗುವುದು ಮತ್ತೊಂದು. 1999ರಲ್ಲಿ ಬ್ರಿಟನ್ನಿನಲ್ಲಿ ಈವೆಂಟಿಂಗ್ ಐವರು ಸವಾರರ ಪ್ರಾಣ ತೆಗೆದುಕೊಂಡಿತು. ಅವರು ನುರಿತ ವಯಸ್ಕರು. ಹಾರ್ಟಿಂಗ್ಟನ್ ಪ್ರಭುವಿನ ಅಧ್ಯಕ್ಷತೆಯ ಸಮಿತಿ 2000ದಲ್ಲಿ ವರದಿ ಕೊಟ್ಟಿತು. ಕುದುರೆ ಬೀಳದಂತೆ ನೋಡಿಕೊಳ್ಳುವುದೇ ಮೊದಲ ಕರ್ತವ್ಯವೆಂಬುದು ಅದರ ತಿರುಳು. ತರುವಾಯ, ಪೆಟ್ಟು ಬಿದ್ದೊಡನೆ ಮುರಿದು ಅಡ್ಡಪಟ್ಟಿಯನ್ನು ಕೆಳಗಿಳಿಸುವ ಪಿನ್ನುಗಳು ಬಂದವು. ಇವು ಸ್ತುತ್ಯ. ಆದರೆ ಗೂಟ ಪಟ್ಟಿಗಳ ತಡೆಗೆ ಒದಗುವಂತೆ ನೆಲಕ್ಕೊರಗಿದ ದಿಮ್ಮಿಗೆ ಅವು ಒದಗುವುದಿಲ್ಲ. ಶಿರಸ್ತ್ರಾಣ, ಎದೆಕವಚ, ಗಾಳಿ ತುಂಬಿಕೊಳ್ಳುವ ಅಂಗಿ ಎಲ್ಲವೂ ಬೇಕು. ಆದರೂ ನಲವತ್ತು ಕಿಲೋ ತೂಕದ ಮಗುವಿನ ಮೇಲೆ ಮುನ್ನೂರು ಕಿಲೋಗೂ ಮಿಕ್ಕ ದೇಹ ಉರುಳಿದಾಗ ಕವಚದ ಭರವಸೆ ಎಷ್ಟರದು?

ನಿಧಾನವೂ ಅಪಾಯವೇ ಎಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಉತ್ಸಾಹವಿಲ್ಲದೆ ತೆವಳುತ್ತ ಬಂದ ಪೋನಿ ತಡೆಯನ್ನು ಚೆನ್ನಾಗಿ ಹಾರಲಾರದು. ಗತಿ, ಲಯ, ಸಮತೋಲ ಮೂರೂ ಬೇಕು. ಆದರೆ ಈ ಆಕ್ಷೇಪಣೆ ಗಡಿಯಾರದ ಪರವಾದ ವಾದವಾಗುವುದು ಹೇಗೆ? ಪ್ರತಿ ತಡೆಯ ಮುಂದಿನ ಗತಿಯೇ ಮುಖ್ಯವಾದರೆ, ಅದನ್ನು ನೋಡಬೇಕಾದದ್ದು ಮನುಷ್ಯನ ಕಣ್ಣು. ಧೈರ್ಯ ಕಲಿಸಬೇಕೆಂಬುವರಿಗೂ ಇದೇ ಉತ್ತರ. ಓಡುವ ಪ್ರಾಣಿಯನ್ನು ಓಡಲು ಬಿಡುವುದಕ್ಕೆ ಧೈರ್ಯ ಬೇಡ. ಎಲ್ಲರೂ ಕೂಗುತ್ತಿರುವಾಗ ಅದನ್ನು ತಡೆದು ಹಿಡಿಯುವುದಕ್ಕೆ ಬೇಕು.

ಪೋನಿಯ ಮಾತಂತೂ ಯಾರ ಕಿವಿಗೂ ಬೀಳುವುದಿಲ್ಲ. ದಣಿದಾಗ, ನೆಲ ಜಾರುವಾಗ, ಸವಾರನ ಆಸನ ತಪ್ಪಿದಾಗ ಅದಕ್ಕಿರುವ ಏಕೈಕ ಭಾಷೆ ತಡೆಯ ಮುಂದೆ ನಿಂತುಬಿಡುವುದು. ಸವಾರಿಯ ಪರಿಭಾಷೆಯಲ್ಲಿ ಅದು ಅವಿಧೇಯತೆ. ದಂಡ 20 ಅಂಕ. ಮಿತಿ ಮೀರಿದ ವೇಗಕ್ಕೆ ಸೆಕೆಂಡಿಗೆ 0.4. ಹತ್ತು ಸೆಕೆಂಡಿನ ಅತಿವೇಗಕ್ಕೆ 4 ಅಂಕ ತೆತ್ತ ಮಗು, ತನ್ನ ಪೋನಿಯ ಬೇಡವೆಂಬ ಮಾತಿಗೆ ಅದರ ಐದು ಪಟ್ಟು ತೆರುತ್ತದೆ. ಇಂಥ ದರಪಟ್ಟಿಯನ್ನು ಬಾಯಿಪಾಠ ಮಾಡಿದ ಮಕ್ಕಳ ಕೈಯಲ್ಲಿ ಛಡಿ ಎತ್ತಿ ಬರುವುದು ಆಶ್ಚರ್ಯವಲ್ಲ.

ಬೇರೆ ದಾರಿ ಇಲ್ಲವೆಂಬುದು ಸುಳ್ಳು. ಬ್ರಿಟನ್ನಿನ ಹಂಟರ್ ಟ್ರಯಲ್ ಸ್ಪರ್ಧೆಗಳಲ್ಲಿ ನಿಗದಿತ ಕಾಲವನ್ನು ಸವಾರರಿಗೆ ತಿಳಿಸದೆ ಗುಟ್ಟಾಗಿರಿಸಿ, ಅದಕ್ಕೆ ಅತ್ಯಂತ ಸಮೀಪ ಬಂದವರಿಗೆ ಬಹುಮಾನ ಕೊಡುವ ಪದ್ಧತಿ ಹಳೆಯದು. (ಪಥದ ಒಂದು ಭಾಗವನ್ನು ಎಲ್ಲರಿಗಿಂತ ಬೇಗ ಓಡಿದವರಿಗೆ ಬಹುಮಾನ ಕೊಡುವ ಪದ್ಧತಿಯೂ ಅಲ್ಲೇ ಇದೆ, ಅದು ಮಕ್ಕಳ ಮಟ್ಟಿಗೆ ಇಂದೇ ನಿಲ್ಲಬೇಕಾದದ್ದು.) ಜರ್ಮನಿ ಇನ್ನೂ ಮುಂದೆ ಹೋಗಿದೆ. ಅಲ್ಲಿನ ‘ಸ್ಟಿಲ್‌ಗೆಲೆಂಡೆರಿಟ್’ ಎಂಬ ಸ್ಪರ್ಧೆಯಲ್ಲಿ ತೀರ್ಪುಗಾರರು ಸವಾರನ ಆಸನ, ಹತೋಟಿ, ಲಯಗಳನ್ನು ನೋಡಿ ಹತ್ತಕ್ಕೆ ಇಂತಿಷ್ಟೆಂದು ಅಂಕ ಕೊಡುತ್ತಾರೆ. ಅದಕ್ಕೆ ತೀರ್ಪುಗಾರರು ಹೆಚ್ಚು ಬೇಕು, ಖರ್ಚು ಹೆಚ್ಚು, ವಾದವಿವಾದಗಳೂ ಹೆಚ್ಚು. ಗಡಿಯಾರದೊಡನೆ ವಾದ ಮಾಡಲಾಗದೆಂಬುದೇ ಆಯೋಜಕರಿಗೆ ಅದು ಪ್ರಿಯವಾಗಲು ಕಾರಣವಿರಬೇಕು. ಮಗುವಿನ ಪ್ರವೇಶಪತ್ರಕ್ಕೆ ಸಹಿ ಹಾಕುವ ಮುನ್ನ ತಂದೆತಾಯಿಗಳು ಎರಡು ಪ್ರಶ್ನೆ ಕೇಳಲಿ: ಅತಿವೇಗದ ದಂಡ ನಿಗದಿತ ಕಾಲಕ್ಕಿಂತ ಎಷ್ಟು ಸೆಕೆಂಡು ಮುಂಚಿನಿಂದ ಆರಂಭವಾಗುತ್ತದೆ? ನಡುದಾರಿಯಲ್ಲಿ ಹತೋಟಿ ತಪ್ಪಿದ ಮಗುವನ್ನು ತಡೆದು ನಿಲ್ಲಿಸುವ ಅಧಿಕಾರ ಯಾರಿಗಿದೆ, ಮತ್ತು ಅವರು ಪಥದ ಯಾವ ತಡೆಯ ಬಳಿ ನಿಂತಿರುತ್ತಾರೆ?