ಮೈದಾನಕ್ಕೆ ಇಳಿಯದ ಕ್ರೀಡಾ ಫಿಸಿಯೋಥೆರಪಿ

ಗಾಯಗೊಂಡ ಆಟಗಾರ ಮತ್ತೆ ನಡೆಯುವಂತೆ ಮಾಡುವುದು ಯಾವುದೇ ಒಳ್ಳೆಯ ಫಿಸಿಯೋಥೆರಪಿಸ್ಟ್ ಮಾಡಬಲ್ಲ ಕೆಲಸ. ಕ್ರೀಡಾ ಫಿಸಿಯೋಥೆರಪಿ ಶುರುವಾಗುವುದು ಅಲ್ಲಿಂದಾಚೆಗೆ. ಆಟಗಾರ ಮೊದಲಿನ ವೇಗದಲ್ಲೇ ಓಡಬೇಕು, ಎದುರಾಳಿ ಮೈಮೇಲೆ ಬಿದ್ದರೆ ತಾಳಿಕೊಳ್ಳಬೇಕು, ಅದೇ ಗಾಯ ಅದೇ ಜಾಗದಲ್ಲಿ ಮರುಕಳಿಸಬಾರದು. ಇಷ್ಟನ್ನೂ ಖಾತರಿ ಮಾಡಿಕೊಂಡು ಅವನನ್ನು ಅಂಕಣಕ್ಕೆ ಕಳುಹಿಸುವ ಹೊಣೆ ಈ ವಿಭಾಗದ್ದು. ಭಾರತದಲ್ಲಿ ಇದನ್ನು ಕಲಿಯುವ ಮುಖ್ಯ ದಾರಿ ಎಂಪಿಟಿ. ಇಂಟರ್ನ್‌ಶಿಪ್ ಸೇರಿ ಫಿಸಿಯೋಥೆರಪಿಯ ಮೂಲ ಪದವಿ ಬಿಪಿಟಿ ಮುಗಿಸಿದವರು ಇನ್ನೆರಡು ವರ್ಷ ಓದಿ ಕ್ರೀಡಾ ವಿಭಾಗದಲ್ಲಿ ಸ್ನಾತಕೋತ್ತರ ಪದವಿ ಪಡೆಯುತ್ತಾರೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯದಿಂದ ಹಿಡಿದು ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳವರೆಗೆ ಈ ಕೋರ್ಸ್ ಇದೆ. ಕೋರ್ಸ್ ಇದೆ ಎಂದ ಮಾತ್ರಕ್ಕೆ ಆ ವಿದ್ಯೆ ಅಲ್ಲಿ ಸಿಗುತ್ತಿದೆ ಎಂದು ಹೇಳಲಾಗದು. ಎರಡು ವರ್ಷದಲ್ಲಿ ಒಂದು ತಂಡದ ಜತೆ ಒಂದು ಋತುವನ್ನೂ ಪೂರ್ತಿ ಕಳೆಯದ ವಿದ್ಯಾರ್ಥಿಗೆ ಕೊಡುವ ಪದವಿಯ ಮೇಲೆ ‘ಕ್ರೀಡಾ’ ಎಂಬ ಪದ ಇರಕೂಡದು.

ಈ ವಿಷಯ ಚರ್ಚೆಗೆ ಬರಬೇಕಾದ ಸಮಯದಲ್ಲಿ ದೇಶ ಬೇರೊಂದು ಜಗಳದಲ್ಲಿ ಮುಳುಗಿತು. ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ 2025ರಲ್ಲಿ ಹೊರತಂದ ಫಿಸಿಯೋಥೆರಪಿ ಪಠ್ಯಕ್ರಮವು ಹೆಸರಿನ ಹಿಂದೆ ‘ಡಾ.’ ಎಂದೂ ಮುಂದೆ ‘ಪಿಟಿ’ ಎಂದೂ ಬರೆದುಕೊಳ್ಳಲು ಅವಕಾಶ ನೀಡಿತು. ವೈದ್ಯರ ಸಂಘಟನೆಗಳು ಕೆರಳಿದವು. ಸೆಪ್ಟೆಂಬರ್ 9ರಂದು ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಫಿಸಿಯೋಥೆರಪಿಸ್ಟ್‌ಗಳು ಆ ಬಿರುದು ಬಳಸಕೂಡದು ಎಂದಿತು. ಮರುದಿನವೇ, ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಿದೆ ಎಂದು ಆ ಪತ್ರವನ್ನು ಹಿಂಪಡೆಯಿತು. ಆಮೇಲೆ ಟಿವಿ ಚರ್ಚೆಗಳು, ಮನವಿಪತ್ರಗಳು, ಪರಸ್ಪರ ಹೀಗಳಿಕೆ. ಎರಡು ಅಕ್ಷರದ ಬಿರುದಿಗಾಗಿ ನಡೆದ ಈ ವಾಗ್ವಾದದಲ್ಲಿ, ಕಬಡ್ಡಿ ಅಂಕಣದಲ್ಲಿ ಮಂಡಿ ಹಿಡಿದು ಕುಸಿದ ಹುಡುಗಿಗೆ ಯಾರು ಏನು ಮಾಡಬಲ್ಲರು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳಲಿಲ್ಲ. ಬಿರುದಿನ ಪರವಾಗಿ ಬೀದಿಗಿಳಿದಷ್ಟೇ ಹುರುಪಿನಿಂದ ತರಬೇತಿಯ ಗುಣಮಟ್ಟಕ್ಕಾಗಿಯೂ ಫಿಸಿಯೋಥೆರಪಿ ಸಂಘಟನೆಗಳು ಹೋರಾಡಬೇಕಿತ್ತು.

ಸ್ವಾಯತ್ತತೆ ಕಾನೂನಿನಲ್ಲಿ ಆಗಲೇ ಇದೆ. 2021ರ ರಾಷ್ಟ್ರೀಯ ಆಯೋಗದ ಕಾಯ್ದೆಯ ಪ್ರಕಾರ ಫಿಸಿಯೋಥೆರಪಿಸ್ಟ್ ಸ್ವತಂತ್ರವಾಗಿಯೂ ಕೆಲಸ ಮಾಡಬಹುದು, ಬಹುವಿಭಾಗಗಳ ತಂಡದ ಭಾಗವಾಗಿಯೂ ಮಾಡಬಹುದು. ಆರೋಗ್ಯ ವೃತ್ತಿಪರರ ಮೂಲ ಅರ್ಹತೆಗೆ ಕನಿಷ್ಠ 3,600 ಗಂಟೆಗಳ ಕಲಿಕೆಯನ್ನೂ ಅದೇ ಕಾಯ್ದೆ ನಿಗದಿ ಮಾಡಿದೆ. ಸ್ವತಂತ್ರವಾಗಿ ರೋಗಿಯನ್ನು ನೋಡುವ ಹಕ್ಕು ಸಿಕ್ಕವರ ಮೇಲೆ ಹೊಣೆಯೂ ಅಷ್ಟೇ ಬೀಳುತ್ತದೆ. ಹದಿನಾರರ ಹುಡುಗ ಮಂಡಿಯ ಮೇಲ್ಭಾಗದಲ್ಲಿ ರಾತ್ರಿ ಹೊತ್ತೂ ಬಿಡದ ನೋವು ಎಂದು ಬಂದರೆ ಅದು ಆಟದ ಉಳುಕೇ ಇರಬಹುದು, ಮೂಳೆಯ ಗೆಡ್ಡೆಯೂ ಇರಬಹುದು. ಅನುಮಾನ ಬಂದ ದಿನವೇ ಎಕ್ಸ್‌ರೇ ಮಾಡಿಸಿ ಮೂಳೆ ತಜ್ಞರ ಬಳಿ ಕಳುಹಿಸುವ ವಿವೇಕ ಬೇಕು. ವೈದ್ಯರ ಆತಂಕದಲ್ಲಿ ಹುರುಳಿರುವುದು ಇಲ್ಲಿ ಮಾತ್ರ. ಅದಕ್ಕೂ ಉತ್ತರ ತರಬೇತಿಯಲ್ಲಿದೆ, ನಿಷೇಧದಲ್ಲಿಲ್ಲ.

ಈ ವಿದ್ಯೆಯ ಆಳ ತಿಳಿಯಲು ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್‌ನ ಗಾಯ ಒಂದನ್ನೇ ನೋಡಿದರೂ ಸಾಕು. ಕಬಡ್ಡಿ, ಫುಟ್‌ಬಾಲ್, ಬ್ಯಾಡ್ಮಿಂಟನ್ ಮೂರರಲ್ಲೂ ಕಾಲೂರಿ ಗಕ್ಕನೆ ದಿಕ್ಕು ಬದಲಿಸುವಾಗ ಈ ಲಿಗಮೆಂಟ್ ಹರಿಯುತ್ತದೆ. ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಮಾತು. ಪುನಶ್ಚೇತನ ವರ್ಷದ ಕೆಲಸ. ಐದಾರನೇ ತಿಂಗಳಲ್ಲಿ ಊತವಿಲ್ಲ, ನೋವಿಲ್ಲ, ಆಟಗಾರ ನೇರವಾಗಿ ಓಡುತ್ತಾನೆ. ಕೋಚ್ ಕರೆಯುತ್ತಾರೆ, ಟೂರ್ನಿ ಹತ್ತಿರ ಬಂದಿರುತ್ತದೆ, ಮನೆಯವರಿಗೂ ಕ್ರೀಡಾ ಕೋಟಾದ ನೌಕರಿ ಕೈತಪ್ಪೀತೆಂಬ ಚಿಂತೆ. ಮಂಡಿ ವಂಚಿಸುವುದು ಈ ಹಂತದಲ್ಲೇ. ಗಾಯಗೊಂಡ ಕಾಲಿನ ತೊಡೆಯ ಮುಂಭಾಗದ ಸ್ನಾಯು ಇನ್ನೊಂದು ಕಾಲಿನಷ್ಟು ಬಲ ಪಡೆದಿರುವುದಿಲ್ಲ. ಒಂಟಿಕಾಲಲ್ಲಿ ಜಿಗಿದು ನೆಲ ಮುಟ್ಟುವಾಗ ಮಂಡಿ ಒಳಕ್ಕೆ ವಾಲುತ್ತದೆ. ಆಟಗಾರ ಅರಿವಿಲ್ಲದೆ ಭಾರವನ್ನು ಸೊಂಟಕ್ಕೂ ಇನ್ನೊಂದು ಕಾಲಿಗೂ ದಾಟಿಸುತ್ತಾನೆ. ಬರಿಗಣ್ಣಿಗೆ ಇದು ಸುಲಭಕ್ಕೆ ಕಾಣದು. ಅದಕ್ಕೇ ಎರಡೂ ಕಾಲಿನ ಬಲವನ್ನು ಯಂತ್ರದಲ್ಲಿ ಅಳೆಯಬೇಕು, ನಾಲ್ಕು ಬಗೆಯ ಒಂಟಿಕಾಲಿನ ಜಿಗಿತಗಳನ್ನು ಮಾಡಿಸಬೇಕು, ಗಾಯದ ಕಾಲು ಮತ್ತೊಂದರ ಶೇ 90ರಷ್ಟಾದರೂ ಆದ ಮೇಲೆ ಮುಂದಿನ ಮಾತು.

ಈ ಕಟ್ಟುನಿಟ್ಟಿಗೆ ಪುರಾವೆ ಇದೆ. ಎಸಿಎಲ್ ಶಸ್ತ್ರಚಿಕಿತ್ಸೆಯಾದ 106 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಯ ಮರುಗಾಯದ ಪ್ರಮಾಣ ಶೇ 51ರಷ್ಟು ತಗ್ಗಿತು. ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಆಟಕ್ಕೆ ಮರಳಿದವರಲ್ಲಿ ಶೇ 38.2 ಮಂದಿ ಮತ್ತೆ ಗಾಯಗೊಂಡರು. ತೇರ್ಗಡೆಯಾದವರಲ್ಲಿ ಶೇ 5.6 ಮಂದಿ ಮಾತ್ರ. ಈ ಅಂಕಿಗಳನ್ನು ತರಗತಿಯಲ್ಲಿ ಬಾಯಿಪಾಠ ಮಾಡುವುದು ಸುಲಭ. ಆರನೇ ತಿಂಗಳಲ್ಲಿ ಕೋಚ್ ಎದುರು ನಿಂತು ‘ಇನ್ನೂ ಮೂರು ತಿಂಗಳು ಬೇಕು ಸರ್’ ಎಂದು ಹೇಳಿ, ಆ ಮಾತಿಗೆ ಅಂಟಿಕೊಳ್ಳುವುದು ಕಷ್ಟ. ಅದನ್ನು ಯಾವ ಪಠ್ಯಪುಸ್ತಕವೂ ಕಲಿಸದು. ತಂಡದ ಜತೆಗೇ ಇದ್ದು, ಹಿರಿಯರು ಹಾಗೆ ಹೇಳುವುದನ್ನು ಕಣ್ಣಾರೆ ನೋಡಿ ಕಲಿಯಬೇಕು.

ತಡೆಗಟ್ಟುವಿಕೆಯ ಕಥೆಯೂ ಇದೇ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿಯುವುದನ್ನು ತಡೆಯಲು ‘ನಾರ್ಡಿಕ್’ ಎಂಬ ಸರಳ ವ್ಯಾಯಾಮವಿದೆ. ಮಂಡಿಯೂರಿ ಕುಳಿತವನ ಹಿಮ್ಮಡಿಗಳನ್ನು ಜತೆಗಾರ ಬಿಗಿಹಿಡಿಯುತ್ತಾನೆ. ಅವನು ಬೆನ್ನು ಬಾಗಿಸದೆ ನಿಧಾನವಾಗಿ ಮುಂದಕ್ಕೆ ಬೀಳುತ್ತಾನೆ. ಯಾವ ಸಲಕರಣೆಯೂ ಬೇಡ. ಡೆನ್ಮಾರ್ಕಿನ 50 ಫುಟ್‌ಬಾಲ್ ತಂಡಗಳ 942 ಆಟಗಾರರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ವ್ಯಾಯಾಮ ಮಾಡಿದ ಗುಂಪಿನಲ್ಲಿ 15 ಗಾಯಗಳಾದವು, ಮಾಡದ ಗುಂಪಿನಲ್ಲಿ 52. ಇಷ್ಟಾದರೂ ಯುರೋಪಿನ ಅಗ್ರ ಕ್ಲಬ್‌ಗಳಲ್ಲೇ ಬಹುಪಾಲು ಇದನ್ನು ಪೂರ್ತಿಯಾಗಿ ಅಳವಡಿಸಿಕೊಂಡಿರಲಿಲ್ಲ ಎಂಬುದು ಕೆಲವೇ ವರ್ಷಗಳಲ್ಲಿ ಬೆಳಕಿಗೆ ಬಂತು. ವ್ಯಾಯಾಮ ಗೊತ್ತಿದ್ದರೆ ಆಗಲಿಲ್ಲ, ಮೈಕೈ ನೋಯುತ್ತದೆ ಎನ್ನುವ ಆಟಗಾರನನ್ನು ಒಪ್ಪಿಸಿ ವಾರವಾರವೂ ಮಾಡಿಸಬೇಕು. ಇಲ್ಲಿ ಚಿಕಿತ್ಸೆ ಮತ್ತು ಸಾಮರ್ಥ್ಯ ತರಬೇತಿ ಒಂದಕ್ಕೊಂದು ಬೆರೆಯುತ್ತವೆ. ಆಟಗಾರ ವಾರಕ್ಕೆ ಎಷ್ಟು ಓಡಿದ, ಎಷ್ಟು ಚೆಂಡು ಎಸೆದ, ಎಷ್ಟು ನಿದ್ದೆ ಮಾಡಿದ ಎಂಬ ಲೆಕ್ಕವಿಲ್ಲದ ಫಿಸಿಯೋಥೆರಪಿ ಗಾಯವಾದ ಮೇಲೆ ಬಂದು ನಿಲ್ಲುವ ಕಸುಬಾಗಿಯೇ ಉಳಿಯುತ್ತದೆ.

ಈ ಲೆಕ್ಕ ತಪ್ಪಿದರೆ ತೆರುವ ಬೆಲೆ ಎಷ್ಟೆಂದು ವೇಗದ ಬೌಲರ್ ಜಸ್‌ಪ್ರೀತ್ ಬೂಮ್ರಾ ಅವರ ಬೆನ್ನು ಇಡೀ ದೇಶಕ್ಕೆ ತೋರಿಸಿತು. 2019ರಲ್ಲೇ ಅವರ ಕೆಳಬೆನ್ನಿನ ಮೂಳೆಯಲ್ಲಿ ಒತ್ತಡದ ಬಿರುಕು ಕಾಣಿಸಿತ್ತು. 2022ರಲ್ಲಿ ಬೆನ್ನುನೋವಿನಿಂದ ಏಷ್ಯಾ ಕಪ್ ತಪ್ಪಿಸಿಕೊಂಡ ಅವರು ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡು ಟಿ20 ಪಂದ್ಯ ಆಡಿದರು, ಮತ್ತೆ ಬೆನ್ನು ಕೈಕೊಟ್ಟು ವಿಶ್ವಕಪ್‌ನಿಂದಲೇ ಹೊರಬಿದ್ದರು. ಮುಂದಿನ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಆಟಕ್ಕೆ ಮರಳಿದ್ದು ಆಗಸ್ಟ್‌ನಲ್ಲಿ. ದೇಶದ ಅತ್ಯಂತ ಶ್ರೀಮಂತ ಕ್ರೀಡೆಯ, ಅತ್ಯಂತ ಬೆಲೆಬಾಳುವ ಬೌಲರ್‌ನ ವಿಷಯದಲ್ಲೇ ಮರಳುವ ಗಳಿಗೆಯನ್ನು ನಿರ್ಧರಿಸುವುದು ಇಷ್ಟು ಕಠಿಣವಾದರೆ, ತಾಲ್ಲೂಕು ಮೈದಾನದಲ್ಲಿ ದಿನಕ್ಕೆ ಎರಡು ಹೊತ್ತು ಬೌಲಿಂಗ್ ಮಾಡುವ ಹದಿನೈದರ ಹುಡುಗನನ್ನು ಕಾಯುವವರು ಯಾರು? ಬೆಳೆಯುತ್ತಿರುವ ವೇಗದ ಬೌಲರ್‌ಗಳಲ್ಲಿ ಕೆಳಬೆನ್ನಿನ ಬಿರುಕು ತೀರಾ ಸಾಮಾನ್ಯ. ‘ಸ್ವಲ್ಪ ನೋವು, ಎಣ್ಣೆ ಹಚ್ಚಿ ಆಡು’ ಎಂಬ ಮಾತು ಕ್ರಿಕೆಟ್ ಅಕಾಡೆಮಿಗಳಲ್ಲಿ ಇಂದಿಗೂ ಚಲಾವಣೆಯಲ್ಲಿದೆ.

ತುರ್ತು ಸನ್ನಿವೇಶಗಳ ತರಬೇತಿಯನ್ನು ಐಚ್ಛಿಕವೆಂದು ನೋಡುವುದಂತೂ ಅಪಾಯಕಾರಿ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಪಂದ್ಯದ ನಡುವೆ ಹೃದಯ ನಿಂತು ಕುಸಿದಾಗ ಅವರನ್ನು ಉಳಿಸಿದ್ದು ಮೈದಾನದಲ್ಲೇ ಕೊಟ್ಟ ಎದೆಯೊತ್ತು ಮತ್ತು ಡಿಫಿಬ್ರಿಲೇಟರ್. ತಲೆಗೆ ಬಿದ್ದ ಪೆಟ್ಟು ಇನ್ನೂ ಕುತಂತ್ರಿ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಕ್ರಿಕೆಟಿಗ ರವೀಂದ್ರ ಜಡೇಜ ಅವರ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಫಿಸಿಯೋ ಮೈದಾನಕ್ಕೆ ಬರಲಿಲ್ಲ. ಇನಿಂಗ್ಸ್ ಮುಗಿದ ಮೇಲೆ ಅವರ ಬದಲಿಗೆ ಯಜುವೇಂದ್ರ ಚಾಹಲ್ ಆಡಿ ಮೂರು ವಿಕೆಟ್ ಪಡೆದರು. ಬದಲಿ ಆಟಗಾರನ ಕುರಿತು ವಾರಗಟ್ಟಲೆ ಚರ್ಚೆಯಾಯಿತು, ಪೆಟ್ಟಾದ ತಕ್ಷಣ ತಪಾಸಣೆ ನಡೆಯದ್ದು ಅದರಲ್ಲಿ ಹಿನ್ನೆಲೆಗೆ ಸರಿಯಿತು.

ಇಷ್ಟೆಲ್ಲ ಬೇಡುವ ವಿದ್ಯೆಯನ್ನು ಬಹುಪಾಲು ಕಾಲೇಜುಗಳು ಆಸ್ಪತ್ರೆಯ ಒಪಿಡಿಯಲ್ಲಿ ಕಲಿಸುತ್ತವೆ. ಎಂಪಿಟಿ ಕ್ರೀಡಾ ವಿದ್ಯಾರ್ಥಿಯ ಮುಂದೆ ಬಂದು ಕೂರುವವರು ಮಂಡಿ ಸವೆದ ಹಿರಿಯರು, ಕುತ್ತಿಗೆ ಹಿಡಿದ ಐಟಿ ನೌಕರರು, ಭುಜ ಬಿಗಿದ ಮಧುಮೇಹಿಗಳು. ಅವರ ಸೇವೆ ಪುಣ್ಯದ ಕೆಲಸವೇ, ಆದರೆ ಸ್ಪ್ರಿಂಟರ್‌ನ ತೊಡೆಯ ಬಗ್ಗೆ ಅಲ್ಲಿ ಕಲಿಯುವುದು ಕಡಿಮೆ. ಕೊನೆಯ ವರ್ಷದ ಪ್ರಬಂಧಕ್ಕೆ ಅದೇ ಕಾಲೇಜಿನ ಮೂವತ್ತು ವಿದ್ಯಾರ್ಥಿಗಳನ್ನು ಕೂಡಿಸಿ, ನಾಲ್ಕು ವಾರ ಎರಡು ಬಗೆಯ ಸ್ಟ್ರೆಚಿಂಗ್ ಹೋಲಿಸಿ, ಎರಡರಿಂದಲೂ ಪ್ರಯೋಜನವಾಯಿತು ಎಂದು ಬರೆದು ಮುಗಿಸುವುದು ರೂಢಿಯಾಗಿದೆ. ಈಜುಕೊಳ ನೋಡದೆ ಈಜು ಕಲಿತಂತಾಗುತ್ತದೆ ಈ ಓದು. ಬೋಧಕರಲ್ಲೂ ತಂಡದೊಂದಿಗೆ ಪ್ರವಾಸ ಮಾಡಿದವರು ವಿರಳ. ಹೀಗಾಗಿ ಕೊರತೆ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇದೆ.

ಕಾಲೇಜುಗಳ ಸಮಜಾಯಿಷಿ ಒಂದಿದೆ: ವೃತ್ತಿಪರ ತಂಡಗಳು ವಿದ್ಯಾರ್ಥಿಗಳನ್ನು ಒಳಗೆ ಬಿಡುವುದಿಲ್ಲ. ಅದು ನಿಜ. ಐಪಿಎಲ್ ಅಥವಾ ಪ್ರೊ ಕಬಡ್ಡಿ ಫ್ರಾಂಚೈಸಿ ತನ್ನ ಆಟಗಾರನ ಸ್ಕ್ಯಾನ್ ವರದಿಯನ್ನು ಹೊರಗಿನವರಿಗೆ ತೋರಿಸಲಾರದು. ಆದರೆ ಬಾಗಿಲು ತಟ್ಟಬೇಕಾದದ್ದು ಅಲ್ಲಿ ಅಲ್ಲವೇ ಅಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆಗಳು, ವಸತಿ ನಿಲಯಗಳು ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿವೆ. ಹಾಕಿ, ಅಥ್ಲೆಟಿಕ್ಸ್, ವಾಲಿಬಾಲ್, ಕುಸ್ತಿ ಕಲಿಯುವ ಮಕ್ಕಳು ಅಲ್ಲಿ ವರ್ಷವಿಡೀ ಇರುತ್ತಾರೆ. ಕೊಡಗಿನ ಹಾಕಿಗೂ ಕರಾವಳಿಯ ಕಬಡ್ಡಿಗೂ ಇದೇ ರಾಜ್ಯ ತವರು. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್, ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರ ಮತ್ತು ಬಿಸಿಸಿಐ ಕೇಂದ್ರ ರಾಜ್ಯದೊಳಗೇ ಇವೆ. ಆರೋಗ್ಯ ವಿಶ್ವವಿದ್ಯಾಲಯ ಮತ್ತು ಕ್ರೀಡಾ ಇಲಾಖೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರೆ ಪ್ರತಿ ವಿದ್ಯಾರ್ಥಿಗೂ ಆರು ತಿಂಗಳ ಮೈದಾನ ಸಿಗುತ್ತದೆ, ಪ್ರತಿ ನಿಲಯಕ್ಕೂ ವಾರಪೂರ್ತಿ ಫಿಸಿಯೋ ಸಿಗುತ್ತಾರೆ. ಎರಡು ಷರತ್ತು: ಅನುಭವಿ ಮೇಲ್ವಿಚಾರಕರು ಸ್ಥಳದಲ್ಲೇ ಇರಬೇಕು, ವಿದ್ಯಾರ್ಥಿಗೆ ಸ್ಟೈಪೆಂಡ್ ಸಿಗಬೇಕು. ಇಲ್ಲದಿದ್ದರೆ ಇದು ಬಿಟ್ಟಿ ದುಡಿಮೆಯಾಗಿ, ಮಕ್ಕಳ ಮೇಲೆ ಅರೆಬೆಂದ ಪ್ರಯೋಗವಾಗಿ ಕೊನೆಯಾಗುತ್ತದೆ.

ಹೆಣ್ಣುಮಕ್ಕಳ ನಿಲಯಗಳಿಗೆ ಇದು ಇನ್ನೂ ತುರ್ತು. ತರಬೇತಿಗೆ ಸಾಕಾಗುವಷ್ಟು ಉಣ್ಣದ ಹುಡುಗಿಯ ಮುಟ್ಟು ನಿಲ್ಲುತ್ತದೆ, ಮೂಳೆ ಟೊಳ್ಳಾಗತೊಡಗುತ್ತದೆ, ಒಂದು ದಿನ ಮೀನಖಂಡದ ಮುಂದಿನ ಮೂಳೆ ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಶಕ್ತಿ ಕೊರತೆಯ ಸ್ಥಿತಿಗೆ 2014ರಲ್ಲೇ ಹೆಸರು ಕೊಟ್ಟು, ಅದು ಗಂಡುಮಕ್ಕಳಿಗೂ ಬರುತ್ತದೆ ಎಂದು ಎಚ್ಚರಿಸಿತು. ತೂಕ ಇಳಿದರೆ ವೇಗ ಹೆಚ್ಚುತ್ತದೆ ಎಂದು ನಂಬಿದ ಕೋಚ್‌ಗೆ ಮುಟ್ಟಿನ ವಿಷಯ ಹೇಳಲು ಹದಿನಾಲ್ಕರ ಹುಡುಗಿ ನಾಚುತ್ತಾಳೆ. ನಿಲಯದಲ್ಲಿ ನಂಬಿಕಸ್ಥ ಫಿಸಿಯೋ ಇದ್ದರೆ ‘ಅಕ್ಕಾ, ಮೂರು ತಿಂಗಳಾಯ್ತು’ ಎಂದು ಹೇಳಿಯಾಳು.

ಉಳಿದಿರುವುದು ನೌಕರಿಯ ಪ್ರಶ್ನೆ. ಪದವಿ ಪಡೆದವರಲ್ಲಿ ಅನೇಕರು ವರ್ಷದಿಂದ ವರ್ಷಕ್ಕೆ ನವೀಕರಿಸುವ ಗುತ್ತಿಗೆಯ ಮೇಲೆ ದುಡಿಯುತ್ತಾರೆ. ಯಾರ ಮರ್ಜಿಯಲ್ಲಿ ಗುತ್ತಿಗೆ ಮುಂದುವರಿಯಬೇಕೋ ಅವರ ಆಟಗಾರನಿಗೇ ‘ಆಡಬೇಡ’ ಎನ್ನುವ ಧೈರ್ಯ ಬರುವುದು ಕಷ್ಟ. ಆದ್ದರಿಂದ ಕ್ರೀಡಾ ಇಲಾಖೆ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು ಕಾಯಂ ಹುದ್ದೆ ಸೃಷ್ಟಿಸಬೇಕು. ವೈದ್ಯಕೀಯ ತೀರ್ಮಾನದ ಮಟ್ಟಿಗೆ ಆ ಹುದ್ದೆ ಕೋಚ್‌ಗಾಗಲಿ ಕ್ರೀಡಾ ಸಂಸ್ಥೆಗಾಗಲಿ ಅಧೀನವಾಗಿರಬಾರದು. ರಾಷ್ಟ್ರೀಯ ಆಯೋಗ ಬಿರುದಿನ ವಿವಾದವನ್ನು ಬದಿಗಿಟ್ಟು, ಕ್ರೀಡಾ ಸ್ನಾತಕೋತ್ತರ ಪದವಿಗೆ ಮೈದಾನದ ಗಂಟೆಗಳನ್ನೂ ತುರ್ತು ಚಿಕಿತ್ಸೆಯ ಪ್ರಮಾಣಪತ್ರವನ್ನೂ ಕಡ್ಡಾಯ ಮಾಡಬೇಕು. ತಂಡದ ಅನುಭವವಿಲ್ಲದ ಬೋಧಕರನ್ನಷ್ಟೇ ಇಟ್ಟುಕೊಂಡ, ಬಲ ಅಳೆಯುವ ಪ್ರಯೋಗಾಲಯವಿಲ್ಲದ ಕಾಲೇಜುಗಳ ಕ್ರೀಡಾ ಸೀಟುಗಳನ್ನು ತಡೆಹಿಡಿಯಬೇಕು. ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟಿ ಸೀಟು ಪಡೆಯುವ ವಿದ್ಯಾರ್ಥಿಗಳೂ ದಾಖಲಾಗುವ ಮೊದಲೇ ಯಾವ ತಂಡದ ಜತೆ, ಎಷ್ಟು ತಿಂಗಳು, ಯಾರ ಮೇಲ್ವಿಚಾರಣೆಯಲ್ಲಿ ಎಂದು ಲಿಖಿತ ಉತ್ತರ ಕೇಳುವುದು ಒಳ್ಳೆಯದು.